ಮುಸುಕೆಳೆದು ಮಲಗಿದ ಮೀನು

ನಾನು ಮುಸುಕು ಹಾಕಿಕೊಂಡು ಮಲಗುವವನು. ಇದನ್ನು ಮೊದಲ ವಾಕ್ಯದಲ್ಲೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಮಾತು ಸಲೀಸು. ಬೇಸಿಗೆಯಲ್ಲಿ ನಮ್ಮ ಮಧುಗಿರಿಯ ಬೆಟ್ಟ ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿ ಬಹಳ ಹೊತ್ತಿನವರೆಗೆ ಬೀದಿಯ ಮೇಲೆ ಉಸಿರುತ್ತಿರುವಾಗ, ಅಕ್ಕಪಕ್ಕದ ಮಹನೀಯರೆಲ್ಲ ಬನಿಯನ್ನಿನಲ್ಲಿ ತಾರಸಿಯ ಮೇಲೆ ಹೊರಳಾಡುತ್ತಿರುವಾಗ, ನಾನೊಬ್ಬ ಮಾತ್ರ ಸಿರಾ ಸಂತೆಯಲ್ಲಿ ಕೊಂಡ ಕರಿಕಂಬಳಿಯೊಂದನ್ನು ಆನಖಶಿಖಾಂತ ಎಳೆದುಕೊಂಡು (ಶಿಖೆ ಎಂಬುದು ನನಗಿಂತ ಮೊದಲೇ ಸೇವೆಯಿಂದ ನಿವೃತ್ತವಾಗಿದೆ, ಆ ಮಾತು ಬೇರೆ) ಸುಖನಿದ್ರೆ ಮಾಡುತ್ತಿರುತ್ತೇನೆ. ನನ್ನ ಹೆಂಡತಿ ಗಿರಿಜ ಮದುವೆಯಾದಂದಿನಿಂದ ಪ್ರತಿ ರಾತ್ರಿ ಯಾವುದೋ ಒಂದು ಹೊತ್ತಿನಲ್ಲಿ ಆ ಕಂಬಳಿಯನ್ನು ನನ್ನ ಮುಖದಿಂದ ಕೆಳಗೆಳೆಯುತ್ತಾಳೆ. ನಾನು ನಿದ್ದೆಗಣ್ಣಲ್ಲೇ ಮತ್ತೆ ಮೇಲೆಳೆದುಕೊಳ್ಳುತ್ತೇನೆ. ಹೆಣ ಮಲಗಿಸಿದ ಹಾಗೆ ಕಾಣುತ್ತದೆ ಎಂಬುದು ಅವಳ ಆಕ್ಷೇಪಣೆ. ಇಷ್ಟು ವರ್ಷವೂ ನಾನಿದನ್ನು ಅವಳ ಸೌಂದರ್ಯಪ್ರಜ್ಞೆಯ ತಕರಾರೆಂದೇ ತಿಳಿದಿದ್ದೆ. ಹಾಗಲ್ಲವೆಂದು ಗೊತ್ತಾಗುವುದಕ್ಕೆ ನಮ್ಮ ಮನೆಗೆ ಒಂದು ಸಮುದ್ರ ಬರಬೇಕಾಯಿತು.

ಸಮುದ್ರ ಬಂದದ್ದು ಹೇಗೆಂದು ಹೇಳುತ್ತೇನೆ. ನಾನು ಭೂಗೋಳದ ಮೇಷ್ಟ್ರು. ಐ.ಡಿ.ಹಳ್ಳಿ, ಬರಗೂರು, ಕೊನೆಗೆ ನಿಡುಗಲ್ ಬೆಟ್ಟದ ಬುಡ ಎಂದು ನನ್ನ ವರ್ಗಾವಣೆಗಳೆಲ್ಲ ಬಂಡೆಯಿಂದ ಬಂಡೆಗೇ ಆದವು. ಆದರೂ ಸರ್ಕಾರ ನನಗೆ ಸಂಬಳ ಕೊಟ್ಟದ್ದು ಬಹುಪಾಲು ಸಮುದ್ರದ ಬಗ್ಗೆ ಮಾತಾಡಲಿಕ್ಕೆ. ಪ್ರವಾಹಗಳು, ಉಬ್ಬರವಿಳಿತಗಳು, ಹವಳದ ದಿಬ್ಬಗಳು, ಎಲ್ಲವನ್ನೂ ನಾನು ನೀಲಿ ಸೀಮೆಸುಣ್ಣದಿಂದ ಕರಿಹಲಗೆಯ ಮೇಲೆ ಸೃಷ್ಟಿಸಿ, ಗಂಟೆ ಹೊಡೆದ ಕೂಡಲೇ ಡಸ್ಟರಿನಿಂದ ಪ್ರಳಯ ಮಾಡಿ ಸ್ಟಾಫ್ ರೂಮಿಗೆ ಹೋಗಿ ಚಹಾ ಕುಡಿಯುತ್ತಿದ್ದೆ. ಬರಗೂರಿನಲ್ಲಿ ಒಂದು ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾ, ರಾತ್ರಿ ಆದ್ಮೇಲೆ ಅಷ್ಟೊಂದ್ ಮೀನೂ ಎಲ್ ಮಲಗ್ತವೆ ಸಾ?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. “ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ” ಎಂದುಬಿಟ್ಟೆ. ಅವಳು ಕೂತಳು, ಪ್ರಶ್ನೆ ಮಾತ್ರ ಕೂರಲಿಲ್ಲ. ನಿವೃತ್ತನಾಗಿ ಮನೆಯಲ್ಲಿ ಕಾಲು ಚಾಚಿದ ಮೊದಲ ವಾರದಲ್ಲೇ ಅದು ಬಂದು ನನ್ನೆದುರು ನಿಂತಿತು. ತಿಂಗಳೊಳಗೆ ನಡುಮನೆಯಲ್ಲಿ, ದೇವರ ಗೂಡಿನ ಪಕ್ಕದ ಗೋಡೆಗೆ, ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೂ ಅದರೊಳಗೆ ಉಪ್ಪುನೀರೂ ಮರಳೂ ಕಲ್ಲೂ ಬಂದು ಕೂತವು.

ಉಪ್ಪುನೀರು ಎಂದೆನಲ್ಲ, ಅಲ್ಲಿಂದಲೇ ನಮ್ಮತ್ತೆಯ ಕೋಪ ಶುರು. ಅತ್ತೆ ಓಬಳಮ್ಮನವರು ಪಾವಗಡದ ಕಡೆಯವರು, ಈಗ ಕೆಲವು ವರ್ಷದಿಂದ ನಮ್ಮ ಜೊತೆಗೇ ಇದ್ದಾರೆ. ಮನೆಮಾತು ತೆಲುಗು. ನನ್ನೊಡನೆ ಕನ್ನಡ, ದೇವರೊಡನೆ ಎರಡೂ, ಕೋಪವೋ ಖುಷಿಯೋ ಮಿತಿಮೀರಿದಾಗ ಮಾತ್ರ ಅಚ್ಚ ತೆಲುಗು. ಅವರ ಯೌವನವೆಲ್ಲ ಸವಳು ನೀರಿನ ಬಾವಿಯನ್ನು ದಾಟಿಕೊಂಡು ದೂರದ ಸಿಹಿನೀರಿನ ಬಾವಿಗೆ ಕೊಡ ಹೊತ್ತು ನಡೆಯುವುದರಲ್ಲಿ ಕಳೆದಿತ್ತು. ಅಂಥವರ ಕಣ್ಣೆದುರು ನಾನು ಫಿಲ್ಟರಿನಿಂದ ಹಿಡಿದ ತಿಳಿನೀರಿಗೆ ಪೊಟ್ಟಣ ಪೊಟ್ಟಣ ಸಮುದ್ರದ ಉಪ್ಪನ್ನು ಸುರಿದು ದೊಣ್ಣೆಯಲ್ಲಿ ಕದಡುತ್ತಿದ್ದೆ. “ಅಯ್ಯೋ ದೇವುಡಾ! ಒಳ್ಳೇ ನೀರ್ನ ಕೆಡುಸ್ತಾವ್ರಲ್ಲೇ ನಿನ್ ಗಂಡ! ಉಪ್ಪುನೀರೇ ಬೇಕಾಗಿದ್ರೆ ನಮ್ಮೂರ್ಗೆ ಹೋಗಿದ್ರೆ ಬಾವಿ ಬಾವೀನೇ ಸಿಗ್ತಿತ್ತಲ್ಲೇ!” ಎಂದು ಮಗಳಿಗೆ ಹೇಳಿ, ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಹೋದರು.

ತೊಟ್ಟಿಯಲ್ಲಿ ಮೀನು ಬಿಟ್ಟ ಮೊದಲ ರಾತ್ರಿ ನಾನು ನಿದ್ದೆ ಮಾಡಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಮೊಬೈಲಿನ ಟಾರ್ಚಿಗೆ ಗಿರಿಜಳಿಗೆ ಸೀರೆಯ ಅಂಗಡಿಯವರು ಕೊಟ್ಟ ಕೆಂಪು ಪ್ಲಾಸ್ಟಿಕ್ ಚೀಲವನ್ನು ಸುತ್ತಿ (ಕೆಂಪು ಬೆಳಕು ಮೀನಿನ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲವಂತೆ) ಕಳ್ಳಹೆಜ್ಜೆಯಲ್ಲಿ ನಡುಮನೆಗೆ ಹೋಗಿ ಇಣುಕಿದೆ. ಓದುಗ ಮಹಾಶಯರೇ, ಮೀನಿಗೆ ರೆಪ್ಪೆಯಿಲ್ಲ. ಕಣ್ಣು ಮುಚ್ಚಿ ಮಲಗುವ ಸೌಕರ್ಯವನ್ನು ಸೃಷ್ಟಿಕರ್ತ ಅದಕ್ಕೆ ಮಂಜೂರು ಮಾಡಿಲ್ಲ. ಆದ್ದರಿಂದ ಒಂದೊಂದೂ ತನ್ನದೇ ಒಂದು ಉಪಾಯ ಮಾಡಿಕೊಂಡಿದೆ. ಕಿತ್ತಳೆ ಮೈಗೆ ಬಿಳಿ ಪಟ್ಟಿಯ ದಂಪತಿ ಮೀನುಗಳು ಒಂದು ಮೂಲೆಗೆ ಒರಗಿ, ಅರ್ಧ ಮಗ್ಗುಲಾಗಿ, ರಾತ್ರಿ ಬಸ್ಸಿನಲ್ಲಿ ತೂಕಡಿಸುವವರಂತೆ ಓಲಾಡುತ್ತಿದ್ದವು. ಅರ್ಧ ನೇರಳೆ ಅರ್ಧ ಹಳದಿಯ ಒಬ್ಬ ಸೊಗಸುಗಾರ ಕಲ್ಲಿನ ಪೊಟರೆಯಲ್ಲಿ ತಲೆಕೆಳಗಾಗಿ ನಿದ್ದೆಹೋಗಿದ್ದ. ಹಗಲೆಲ್ಲ ಹೊಳೆಯುತ್ತ ಗುಂಪಾಗಿ ತಿರುಗುವ ನೀಲಿಹಸಿರು ಮೀನುಗಳು ತಮ್ಮ ತಮ್ಮ ಸಂದಿಗಳಿಗೆ ಸೇರಿ ಬಣ್ಣವನ್ನೇ ಬಿಚ್ಚಿಟ್ಟವರಂತೆ ಮಂಕಾಗಿದ್ದವು. ರೋಗವೇ ಬಂತೆಂದು ನಾನು ಗಾಬರಿಯಾಗಿ ಗಿರಿಜಳನ್ನು ಎಬ್ಬಿಸಿ ತಂದು ತೋರಿಸಿದೆ. ಅವಳು ಆಕಳಿಸುತ್ತ, “ಮಲಗೋವಾಗ ಯಾರ್ರೀ ರೇಷ್ಮೆಸೀರೆ ಉಟ್ಕೊಂಡಿರ್ತಾರೆ?” ಎಂದು ವಾಪಸ್ಸು ಹೋದಳು. ಬೆಳಗ್ಗೆ ನೋಡಿದರೆ ಬಣ್ಣಗಳೆಲ್ಲ ಯಥಾಸ್ಥಾನದಲ್ಲಿದ್ದವು.

ಇವರೆಲ್ಲರಿಗೂ ಮೀರಿದ್ದು ಹಳದಿ ರಾಸ್ ಎಂಬ ಮೀನು. ಗಾತ್ರದಲ್ಲೂ ಬಣ್ಣದಲ್ಲೂ ಥೇಟು ಅರಿಶಿನದ ಕೊಂಬು. ಸಂಜೆ ಬೆಳಕು ಆರುತ್ತಿದ್ದಂತೆ ತಲೆ ಕೆಳಗೆ ಮಾಡಿ, ಮೈ ಒಮ್ಮೆ ಕೊಡವಿ, ಸರಕ್ಕನೆ ಮರಳಿನೊಳಗೆ ಹೊಕ್ಕುಬಿಡುತ್ತದೆ. ಬೆಳಕು ಹರಿದ ಮೇಲೇ ಹೊರಗೆ ಬರುವುದು. ತಲೆಯಿಂದ ಬಾಲದವರೆಗೆ ಮರಳಿನ ಮುಸುಕು! ಅದನ್ನು ಓದಿ ತಿಳಿದ ದಿನ ನನಗಾದ ಆನಂದ, ದೂರದ ಊರಲ್ಲಿ ಕಳೆದುಹೋದ ಸ್ವಂತ ತಮ್ಮ ಸಿಕ್ಕಿದಂತಿತ್ತು. ಸಿರಾದಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿರುವ ಇಮ್ತಿಯಾಜ್ ಅವರಿಗೆ ಹೇಳಿ ಒಂದನ್ನು ತರಿಸಿಯೇಬಿಟ್ಟೆ.

ಇಲ್ಲಿ ನಿಮ್ಮೊಬ್ಬರಿಗೆ ಒಂದು ಗುಟ್ಟು ಹೇಳಬೇಕು. ಆ ಮೊದಲನೆಯ ಮೀನು ಬಂದ ದಿನ ಮರಳಿಗಿಳಿದದ್ದು ಮರುದಿನ ಮೇಲೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಮುಸುಕಿನ ಮಹಿಮೆ ಬಲ್ಲ ನಾನೇ, ಎಲ್ಲರಿಗಿಂತ ಹೆಚ್ಚು ಬಲ್ಲ ನಾನೇ, ತಡೆಯಲಾರದೆ, ಗಿರಿಜ ಹಾಲು ತರಲು ಹೋಗಿದ್ದಾಗ ಸಾರಿನ ಸೌಟು ತಂದು ಮರಳು ಕೆದಕಿದೆ. ಮೀನು ಸೌಟಿನಲ್ಲಿ ಬಂತು. ಬದುಕಿತ್ತು. ಕಿವಿರು ಆಡುತ್ತಿತ್ತು. ಆದರೆ ಸೌಟಿನ ಅಂಚು ತಗುಲಿ ಮಗ್ಗುಲು ಹರಿದಿತ್ತು. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಿತು. ಆಮೇಲೆ ಇಮ್ತಿಯಾಜ್ ಫೋನಿನಲ್ಲಿ, “ಅರೆ ಸಾರ್, ಅದು ಸಫರ್ ಮಾಡಿ ಬಂದಿರ್ತದೆ, ಥಕಾನ್ ಆಗಿರ್ತದೆ, ಸುಸ್ತು. ದಿನಗಟ್ಲೆ ಮಲಗ್ತದೆ. ಸಬರ್ ಇಟ್ಕೊಂಡು ಕಾಯ್ಬೇಕು, ಕೈ ಮಾತ್ರ ಹಾಕ್ಬಾರ್ದು” ಎಂದರು. ಮರಳಿನಲ್ಲೇ ಸತ್ತಿತ್ತೆಂದು ಗಿರಿಜಳಿಗೆ ಸುಳ್ಳು ಹೇಳಿ, ಹಿತ್ತಿಲ ಕರಿಬೇವಿನ ಗಿಡದ ಬುಡದಲ್ಲಿ ಹೂತೆ. ಎಷ್ಟೋ ದಿನ ಸಾರಿಗೆ ಸೌಟು ಹಾಕುವಾಗೆಲ್ಲ ನನ್ನ ಕೈ ಹಿಡಿದುಕೊಳ್ಳುತ್ತಿತ್ತು.

ಎರಡನೆಯ ಹಳದಿ ಮೀನಿಗೆ ಗಿರಿಜ ಒಪ್ಪಿದ್ದು ಒಂದು ಷರತ್ತಿನ ಮೇಲೆ. “ಸಾಕಕ್ಕೆ ಬರದೇ ಇದ್ರೆ ಸಾಕಬಾರದು ಕಣ್ರೀ. ಸಾಯ್ಸಕ್ಕೆ ಅಂತ ತರೋದು ಪಾಪ. ಇನ್ನೊಂದು ಹೋಯ್ತೋ, ಮಿಕ್ಕವನ್ನ ಸಿರಾಕ್ಕೇ ವಾಪಸ್ ಕೊಟ್ಟು ಈ ಗಾಜಲ್ಲಿ ನಾನು ದಸರಾ ಗೊಂಬೆ ಕೂರಿಸ್ತೀನಿ.” ಗಿರಿಜ ಗದರುವುದಿಲ್ಲ, ಮೆತ್ತಗೆ ಹೇಳಿದ್ದನ್ನು ಮಾಡಿಯೇ ತೀರುವ ಜಾತಿ. ನನ್ನ ಸಮುದ್ರವೆಲ್ಲ ಒಂದು ಅರಿಶಿನದ ಕೊಂಬಿನ ಪ್ರಾಣದ ಮೇಲೆ ನಿಂತಿತು.

ಒಂದು ಭಾನುವಾರ ಮಧ್ಯಾಹ್ನ ಅದನ್ನು ನೀರಿಗೆ ಬಿಟ್ಟೆ. ಸಂಜೆಯವರೆಗೆ ಮದುವೆಮನೆಯ ಬೀಗಿತ್ತಿಯಂತೆ ಎಲ್ಲ ಮೂಲೆಗಳನ್ನೂ ಪರಿಶೀಲಿಸಿಕೊಂಡು ಓಡಾಡಿತು. ತೊಟ್ಟಿಯ ದೀಪ ಆರೂವರೆಗೆ ತಾನಾಗಿ ಆರುತ್ತದೆ. ನಮ್ಮತ್ತೆ ದೇವರ ದೀಪ ಹಚ್ಚುವುದೂ ಆರೂವರೆಗೆ. ದೀಪ ಹಚ್ಚುವ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಮಲಗಿರಬಾರದು. ಮನೆಗೆ ಲಕ್ಷ್ಮಿ ಬರುವ ಸಮಯ. ಒಮ್ಮೆ ನನಗೆ ಜ್ವರ ಬಂದು ಕಣ್ಣು ಬಿಡಲಾರದೆ ಬಿದ್ದಿದ್ದಾಗಲೂ ಬೆನ್ನಿಗೆ ಎರಡು ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ದೀಪಕ್ಕೆ ಕೈ ಮುಗಿಸಿ, ಆಮೇಲೆ ಮಲಗಲು ಬಿಟ್ಟವರು ಅವರು. ಅಂದು ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ಪೂಜೆಯ ಗಂಟೆ ಹಿಡಿದು ಬಂದವರ ಕಣ್ಣೆದುರಿಗೇ ಹಳದಿ ಬಾಲವೊಂದು ಮರಳಿನಲ್ಲಿ ಮಾಯವಾಯಿತು.

“ದೀಪ ಹಚ್ಚೋ ಹೊತ್ನಾಗೇ ಮಲಗ್ತೈತಲ್ರೀ ಅಳಿಯಂದ್ರೇ ಇದು! ಏಳೇ ತಾಯೀ, ಏಳೇ, ಅರ್ಧ ಗಂಟೆ ಕೂತಿದ್ದು ಆಮ್ಯಾಕೆ ಮಲಗು” ಎನ್ನುತ್ತ, ನಾನು ತಡೆಯುವಷ್ಟರಲ್ಲಿ, ಕಂಚಿನ ಗಂಟೆಯಿಂದ ಗಾಜನ್ನು ನಾಲ್ಕು ಸಲ ಕುಟ್ಟಿಬಿಟ್ಟರು. ಮರಳಿನಿಂದ ಹಳದಿ ತಲೆ ಚಣ ಹೊತ್ತು ಮೇಲೆ ಬಂತು. ಎದುರಿಗೆ ಉರಿಯುವ ದೀಪವನ್ನೂ ಅದರ ಹಿಂದಿನ ಮುಖವನ್ನೂ ನೋಡಿತು. ಈ ಸಲ ಮೊದಲಿಗಿಂತ ಆಳಕ್ಕೆ ಹೋಯಿತು.

ಸೋಮವಾರ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬುಧವಾರದಿಂದ ಸಂತಾಪ ಸೂಚಕರು ಬರತೊಡಗಿದರು. ಅವರಲ್ಲಿ ಮೊದಲಿಗರು ಎದುರುಮನೆಯ ರಂಗಣ್ಣ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿ ನಿವೃತ್ತರಾದವರು. ಸುತ್ತಿನ ಹಳ್ಳಿಗಳ ರಾಸುಗಳ ನಾಡಿ ಬಲ್ಲವರಾದ್ದರಿಂದ ನಮ್ಮ ರಾಸಿನ ವಿಷಯದಲ್ಲೂ ತಮಗೆ ಅಧಿಕಾರವಿದೆ ಎಂದು ಭಾವಿಸಿದ್ದರು. ಕನ್ನಡಕ ಹಣೆಗೇರಿಸಿ ಮರಳನ್ನು ನೋಡಿ, “ಸತ್ತೋಗೈತೆ ಕಣ್ ಮೇಷ್ಟ್ರೇ. ಮೀನಂದ್ರೆ ನೀರಲ್ಲಿರ್ತದೆ. ಮಣ್ಣಲ್ಲಿರಕ್ಕೆ ಅದೇನ್ ಎರೆಹುಳನಾ? ಸುಮ್ಕೆ ಆಸೆ ಇಟ್ಕಾಬ್ಯಾಡಿ” ಎಂದರು. ನಾನು ನಿದ್ರೆಯ ಶಾಸ್ತ್ರವನ್ನೆಲ್ಲ ವಿವರಿಸಿದೆ. ಅವರು ಪಾಪ, ಎಲ್ಲವನ್ನೂ ಕೇಳಿ, ಮಕ್ಕಳಿಗೆ ಮಾಡುವಂತೆ ನನ್ನ ಬೆನ್ನು ತಟ್ಟಿ ಹೋದರು.

ಆ ವಾರ ನಾನು ಎಲ್ಲರೆದುರೂ ಗಟ್ಟಿಯಾಗಿದ್ದೆ. ಒಳಗೆ ಮಾತ್ರ ಅಳುಕು. ಬದುಕಿದೆಯೆಂಬುದಕ್ಕೆ ನನ್ನ ಬಳಿ ಇದ್ದ ಒಂದೇ ಪುರಾವೆ ಆ ಸೌಟಿನ ಕಥೆ, ಅದನ್ನು ಹೇಳುವ ಹಾಗಿಲ್ಲ. ಇದೇ ಹೊತ್ತಿನಲ್ಲಿ ಇನ್ನೊಂದನ್ನು ಗಮನಿಸಿದೆ. ನಮ್ಮತ್ತೆ ಪೂಜೆಯಲ್ಲಿ ಗಂಟೆ ಬಾರಿಸುವುದನ್ನು ಬಿಟ್ಟಿದ್ದರು. ಸಂಜೆ ದೀಪ ತರುವಾಗ ಸೆರಗನ್ನು ಅಡ್ಡ ಹಿಡಿದು, ಬೆಳಕು ಗಾಜಿನ ಮೇಲೆ ಬೀಳದ ಹಾಗೆ ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದರು. ಬೆಳಗ್ಗೆ ನಾನೇಳುವ ಮುಂಚೆಯೇ ತೊಟ್ಟಿಯೆದುರು ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ನಾನು ಬಂದರೆ, ಹೂ ಕಟ್ಟಲು ಕೂತವರ ಹಾಗೆ ಮುಖ ತಿರುಗಿಸುತ್ತಿದ್ದರು. ಕಟ್ಟಲು ಹೂವೇ ಇರುತ್ತಿರಲಿಲ್ಲ.

ಶುಕ್ರವಾರ ರಾತ್ರಿ ಗಿರಿಜ ತೀರ್ಪು ಕೊಟ್ಟಳು. ಒಳಗೆ ಕೊಳೆತರೆ ಉಳಿದ ಮೀನುಗಳೂ ಸಾಯುತ್ತವೆ, ನಾಳೆ ರಂಗಣ್ಣನವರು ಬಂದು ಮರಳು ಸೋಸುತ್ತಾರೆ. ಶನಿವಾರ ಬೆಳಗ್ಗೆ ಹತ್ತಕ್ಕೆ ರಂಗಣ್ಣ ತಮ್ಮ ಮನೆಯ ಹಿಟ್ಟಿನ ಜರಡಿ ಹಿಡಿದು, ಅಂಗಿಯ ತೋಳು ಮಡಿಸಿ, ಹೆರಿಗೆ ಮಾಡಿಸಲು ಬಂದವರ ಗತ್ತಿನಲ್ಲಿ ಹಾಜರಾದರು. ಜರಡಿ ನೀರಿಗೆ ಮುಟ್ಟುವುದೊಂದು ಬಾಕಿ. ನನಗೆ ಸೌಟಿನ ಮೇಲೆ ಆಡುತ್ತಿದ್ದ ಕಿವಿರು ಕಣ್ಣಿಗೆ ಕಟ್ಟಿತು. ಎರಡೂ ಕೈ ಚಾಚಿ ತೊಟ್ಟಿಗೆ ಅಡ್ಡ ನಿಂತುಬಿಟ್ಟೆ.

“ಹೋದ ಸಲದ್ದು ಮರಳಲ್ಲಿ ಸಾಯ್ಲಿಲ್ಲ ಗಿರಿಜಾ. ನಾನೇ ಸೌಟಲ್ಲಿ ಅಗೆದೆ. ಮಲಗಿತ್ತು ಅಷ್ಟೆ, ಬದುಕಿತ್ತು. ನಾನೇ ಕೊಂದೆ” ಎಂದೆ.

ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವನು ಅಂದು ನಾನೇ ಸಿಕ್ಕಿಬಿದ್ದ ಹುಡುಗನಂತೆ ನಿಂತಿದ್ದೆ. ನಾಚಿಕೆಯಾಯಿತು; ಹಗುರವೂ ಆಯಿತು. ಗಿರಿಜ ನನ್ನ ಮುಖವನ್ನೇ ನೋಡಿದಳು. ರಂಗಣ್ಣ ಜರಡಿಯನ್ನು ಎಲ್ಲಿಡುವುದೆಂದು ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡರು. ಆಗ ದೇವರ ಗೂಡಿನ ಕಡೆಯಿಂದ ನಮ್ಮತ್ತೆಯ ದನಿ ಬಂತು. “ಅವ್ರೊಬ್ರುದೇ ತಪ್ಪಲ್ಲ ಕಣಮ್ಮ. ಮಲಗಿದ್ ಜೀವದ ತಲೇ ಮ್ಯಾಲೆ ಗಂಟೆ ಬಡಿದೋಳು ನಾನು. ಪಾಪಂ, ಎಂಗ್ ಹೆದರ್ಕಂತೋ ಏನೋ. ಅದು ಎದ್ದು ಬರಾಗಂಟ ಯಾರೂ ಕೈ ಹಾಕಂಗಿಲ್ಲ. ರಂಗಣ್ಣ, ಜರಡಿ ತಗಂಡು ಮನೀಗೋಗು.”

ಗಿರಿಜ ತೊಟ್ಟಿಯ ಕಡೆ ಒಮ್ಮೆ ನೋಡಿ, “ನಾಳೆ ಬೆಳಗ್ಗೆವರೆಗೆ” ಎಂದಳು. ಒಂದೇ ಒಂದು ಬೆಳಗು. ನಾನು ಅಷ್ಟಕ್ಕೇ ಕೈ ಮುಗಿದೆ.

ಆ ಭಾನುವಾರದ ಬೆಳಗನ್ನು ನಾನು ನಿದ್ದೆಗೆಟ್ಟು ಕಾದೆನೆಂದು ಬರೆಯಬಹುದಿತ್ತು. ಸತ್ಯವೇನೆಂದರೆ, ಬೆಳಗಿನ ಜಾವದವರೆಗೆ ಹೊರಳಾಡಿ, ಕೊನೆಗೆ ಸರಿಯಾಗಿ ಇತಿಹಾಸ ಘಟಿಸುವ ವೇಳೆಗೆ ಕಂಬಳಿಯೊಳಗೆ ಗೊರಕೆ ಹೊಡೆಯುತ್ತಿದ್ದೆ. ನನ್ನನ್ನು ಎಬ್ಬಿಸಿದ್ದು ಮನೆ ಹಾರಿಹೋಗುವಂಥ ಕೂಗು.

“ಲೇಚಿಂದಿ! ಲೇಚಿಂದೇ ಗಿರಿಜಾ, ಲೇಚಿಂದಿ!”

ಅಚ್ಚ ತೆಲುಗು. ಎದ್ದಿತು, ಎದ್ದಿತು! ಕಂಬಳಿಯನ್ನು ಕಾಲಿಗೆ ಸುತ್ತಿಕೊಂಡೇ ನಡುಮನೆಗೆ ಓಡಿದೆ. ನಮ್ಮತ್ತೆ ಮಣೆಯಿಂದೆದ್ದು, ಎರಡೂ ಕೈಯನ್ನು ಕೆನ್ನೆಗೊತ್ತಿ ನಿಂತಿದ್ದರು. ಕಿಟಕಿಯ ಬಿಸಿಲು ಓರೆಯಾಗಿ ನೀರಿಗೆ ಬಿದ್ದಿತ್ತು. ಮರಳಿನಲ್ಲಿ ಒಂದು ಸಣ್ಣ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಹಳದಿ ಮೂತಿ, ಮೂತಿಯ ಹಿಂದೆ ಒಂದು ಪುಟ್ಟ ಕಣ್ಣು. ಆ ಕಣ್ಣು ಅತ್ತ ನೋಡಿತು, ಇತ್ತ ನೋಡಿತು. ಗಂಟೆಯಿಲ್ಲ, ಸೌಟಿಲ್ಲ, ಜರಡಿಯಿಲ್ಲ ಎಂದು ಖಾತ್ರಿಯಾದ ಮೇಲೆ ಮೈಯೆಲ್ಲ ಒಮ್ಮೆ ಜಾಡಿಸಿ ಇಡೀ ಮೀನು ಮೇಲಕ್ಕೆ ಚಿಮ್ಮಿತು! ರಾಗಿಹಿಟ್ಟಿನ ಕೈಯಲ್ಲೇ ಅಡಿಗೆಮನೆಯಿಂದ ಓಡಿಬಂದ ಗಿರಿಜ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಕೂಗಿದೆನೋ, ನಕ್ಕೆನೋ, ಅತ್ತೆನೋ ನೆನಪಿಲ್ಲ. ಮೂರನ್ನೂ ಮಾಡಿದೆನೆಂದು ಅವಳು ಹೇಳುತ್ತಾಳೆ.

ಆ ದಿನ ನಮ್ಮ ಮನೆಯಲ್ಲಿ ಹಬ್ಬ. ಅತ್ತೆ ಮೀನಿನ ಬಣ್ಣಕ್ಕೇ ಸರಿಯಾಗಿ ಕೇಸರಿಬಾತು ಮಾಡಿ ಬೀದಿಗೆಲ್ಲ ಹಂಚಿದರು. ಗಂಟೆ ಬಡಿದ ತಮ್ಮ ಅಪರಾಧವನ್ನೂ ಒಂದು ಚಮಚದ ಜೊತೆಗೆ ಒಂದು ಸಲದಂತೆ ಹೇಳಿಕೊಂಡರು. ರಂಗಣ್ಣ ಬಂದು ಕನ್ನಡಕ ಹಣೆಗೇರಿಸಿ ನೋಡಿ, ಎರಡು ಬಟ್ಟಲು ಕೇಸರಿಬಾತು ಮುಗಿಸಿ, “ನಾ ಅವತ್ತೇ ಹೇಳ್ನಿಲ್ವಾ ಮೇಷ್ಟ್ರೇ, ಮಲಗೈತೆ ಅಂತ?” ಎಂದರು. ನಾನು ವಾದಿಸಲಿಲ್ಲ. ಗೆದ್ದವನಿಗೆ ಔದಾರ್ಯ ಬಲು ಸುಲಭ. ಇಮ್ತಿಯಾಜ್ ಫೋನಿನಲ್ಲಿ “ವಾಹ್ ಸಾರ್, ವಾಹ್!” ಎಂದದ್ದನ್ನು ಸ್ಪೀಕರ್ ಹಾಕಿ ಎಲ್ಲರಿಗೂ ಕೇಳಿಸಿದೆ. ಸಾಲದೆಂದು, ಯಾವ ಕೆಲಸವೂ ಇಲ್ಲದಿದ್ದರೂ, ಯಾರಾದರೂ ಮೀನಿನ ವಿಷಯ ಕೇಳಲೆಂದು ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದೆ. ಹೋಗುವಾಗ ಯಾರೂ ಕೇಳಲಿಲ್ಲ. ಬರುವಾಗ ನಾನೇ ಇಬ್ಬರನ್ನು ನಿಲ್ಲಿಸಿ ಹೇಳಿದೆ. ಬರಗೂರಿನ ಮುಂದಿನ ಬೆಂಚಿನ ಹುಡುಗಿ ಈಗೆಲ್ಲಿದ್ದಾಳೋ, ಅವಳಿಗೇ ಮಕ್ಕಳಿರಬಹುದು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವಳಿಗೆ ಪಾಠ ಮಾಡಿದೆ. ಕೂರಬೇಡಮ್ಮ, ನಿಂತುಕೊಂಡೇ ಕೇಳು: ಕೆಲವು ಮೂಲೆಯಲ್ಲಿ ಮಲಗುತ್ತವೆ, ಕೆಲವು ಪೊಟರೆಯಲ್ಲಿ ಮಲಗುತ್ತವೆ, ಒಂದು ಮಾತ್ರ ಮರಳಿನ ಮುಸುಕೆಳೆದು ಮಲಗುತ್ತದೆ, ಕಾಣದಿದ್ದರೆ ಹೋಯಿತೆಂದು ತಿಳಿಯಬಾರದು, ಅದಕ್ಕೆ ಬೆಳಕಿನ ಮೇಲೂ ನಮ್ಮ ಮೇಲೂ ನಂಬಿಕೆ ಬರುವವರೆಗೆ ಕಾಯಬೇಕು.

ಈಗ ಸಂಜೆ ಆರೂವರೆಗೆ ನಮ್ಮತ್ತೆ ದೀಪ ಹಚ್ಚಿ, ತೊಟ್ಟಿಯ ಕಡೆ ತಿರುಗಿ, “ಮಲಕ್ಕಳೇ ತಾಯೀ” ಎನ್ನುತ್ತಾರೆ. ಲಕ್ಷ್ಮಿ ಬರುವ ಹೊತ್ತಿನಲ್ಲಿ ಮಲಗುವ ಅಧಿಕಾರ ನಮ್ಮ ಮನೆಯಲ್ಲಿ ಇರುವುದು ಆ ಒಬ್ಬಳಿಗೆ ಮಾತ್ರ. ನನಗೆ ಈಗಲೂ ಇಲ್ಲ.

ಕಂಬಳಿಯ ವಿಷಯಕ್ಕೆ ಬರೋಣ. ಆ ಭಾನುವಾರ ರಾತ್ರಿ ಮಲಗುವ ಮುಂಚೆ ಗಿರಿಜ, ಸೌಟಿನ ಸುಳ್ಳಿಗೆ ಬೈಯುವುದು ಮುಗಿಸಿ, ತಾನೂ ಒಂದನ್ನು ಹೇಳಿಬಿಡುತ್ತೇನೆ ಎಂದಳು. ರಾತ್ರಿ ಅವಳು ನನ್ನ ಮುಸುಕು ಎಳೆಯುವುದು ನೋಟ ಚೆನ್ನಾಗಿಲ್ಲವೆಂದಲ್ಲವಂತೆ. ಉಸಿರಾಡುತ್ತಿದ್ದೇನೋ ಇಲ್ಲವೋ ಎಂದು ನೋಡಲಿಕ್ಕಂತೆ. ಮದುವೆಯಾದ ಮೊದಲ ವಾರದಿಂದ ಪ್ರತಿ ರಾತ್ರಿ. “ಇನ್ಮೇಲೆ ಎಳೆಯಲ್ಲ ಬಿಡಿ” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಕತ್ತಲಲ್ಲಿ ಬಹಳ ಹೊತ್ತು ಕಣ್ಣು ಬಿಟ್ಟುಕೊಂಡಿದ್ದೆ. ಇಷ್ಟೊಂದು ಪ್ರೀತಿಯನ್ನು ನಾನು ಇಷ್ಟು ವರ್ಷ ಕಂಬಳಿಯ ಜಗಳವೆಂದು ಲೆಕ್ಕ ಹಾಕಿದ್ದೆನಲ್ಲ ಎಂದು ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ಮರುದಿನ ಬೆಳಗ್ಗೆ ಎಚ್ಚರವಾಗಿತ್ತು, ಆದರೂ ಮುಸುಕಿನೊಳಗೇ ಇದ್ದೆ. ಗಿರಿಜಳ ಹೆಜ್ಜೆ ಹತ್ತಿರ ಬಂದು ನಿಂತಿತು. ಅಭ್ಯಾಸದ ಕೈ ಕಂಬಳಿಯ ಅಂಚು ಹಿಡಿದದ್ದೂ ಗೊತ್ತಾಯಿತು. ನಡುಮನೆಯಿಂದ ಅತ್ತೆ ಮೆಲುದನಿಯಲ್ಲಿ, “ಬುಡೇ ಗಿರಿಜಾ, ಬೆಳಕಾದ್ಮ್ಯಾಲೆ ತಾವೇ ಎದ್ ಬರ್ತಾರೆ” ಎಂದರು. ಕೈ ತಡೆಯಿತು. ಎಳೆಯುವ ಬದಲು, ಜಾರಿಹೋಗಿದ್ದ ಕಂಬಳಿಯನ್ನು ನನ್ನ ಪಾದದ ಮೇಲೆ ಹೊದಿಸಿ, ಅಲ್ಲೇ ನಿಂತಳು. ಎಷ್ಟು ಹೊತ್ತು ಕಾಯಿಸಲು ಸಾಧ್ಯ? ಮೊದಲು ಮೂಗು ಹೊರಗೆ ಹಾಕಿದೆ. ಆಮೇಲೆ ಒಂದು ಕಣ್ಣು. ಕಾಫಿ ಲೋಟ ಹಿಡಿದು ನಿಂತಿದ್ದ ಗಿರಿಜ ಅದನ್ನು ನೋಡಿ, ಹಿಂದಿನ ದಿನ ಮೀನಿಗೆ ಹಿಗ್ಗಿದ್ದಕ್ಕಿಂತ ಒಂದು ಗುಲಗಂಜಿಯೂ ಕಮ್ಮಿಯಿಲ್ಲದ ಹಿಗ್ಗಿನಲ್ಲಿ, “ಎದ್ರು ಕಣಮ್ಮಾ!” ಎಂದು ನಡುಮನೆಗೆ ಕೇಳುವಂತೆ ಕೂಗಿದಳು.